ಒಂಬತ್ತು ಇಂಚು

ಮಸ್ತಾನವಲಿಗೆ ಈ ಸಲದ ಜೀನ್ಸಿಗೆ
ಹೊಸ ಲೇಬಲ್ಲು ಬೇಕಂತೆ.
ಹುಲಿ ಬೇಡ, ಕುದುರೆ ಬೇಡ, ಹಳೆಯವಾದವು.
ಎರಡು ಊರ ಹೆಸರು, ನಡುವೆ ಒಂದು ವಿಮಾನ,
ಕೆಳಗೆ ಕಿಲೋಮೀಟರು, ತಾಸು.
"ಲಂಡನ್ – ಟೋಕಿಯೊ ಹಾಕು" ಅಂದ,
"ಅಂತರ ಮಾತ್ರ ಸರಿ ಇರಲಿ,
ಸಿಂಧನೂರಿನ ಹುಡುಗರು ಫೋನಲ್ಲಿ ತೆಗೆದು ನೋಡ್ತಾರೆ."

ಲೇಬಲ್ ಅಚ್ಚು ಹಾಕುವವನು ನಾನು.
ಕೌಲ್‌ಬಜಾರಿನ ಉದ್ದನೆಯ ತಗಡಿನ ಷೆಡ್ಡಿನಲ್ಲಿ
ನನ್ನ ಮೇಜು ಮೂಲೆಗೆ, ರುಕುಮಾಬಾಯಿಯ ಮಷೀನಿನ ಬೆನ್ನಿಗೆ.
ಮೇಜಿನ ಮೇಲೆ ಗುಜರಿಯಲ್ಲಿ ಕೊಂಡ ಗೋಲ:
ಆಸ್ಟ್ರೇಲಿಯಾ ಇರುವಲ್ಲಿ ಒಂದು ತಗ್ಗು,
ಈಗಿಲ್ಲದ ದೇಶಗಳ ಹೆಸರು ಇನ್ನೂ ಕೆಂಪಕ್ಷರದಲ್ಲಿ.

ಮೊದಲು ಗೋಡೆಯ ನಕಾಶೆಗೆ ಅಡ್ಡಪಟ್ಟಿ ಇಟ್ಟೆ.
ಗೆರೆ ಕ್ಯಾಸ್ಪಿಯನ್ನಿನ ನೆತ್ತಿ ಸವರಿ ಚೀನಾ ಹೊಕ್ಕಿತು.
ರುಕುಮಾಬಾಯಿ ತಿರುಗಿ ನೋಡಿ ನಕ್ಕಳು:
"ಏನಪ, ಅರಿವಿ ಚಪ್ಪಟೆ ಇರತೈತಿ, ಮೈ ದುಂಡಗ.
ನಡಕ್ಕ ಹಿಡಿಸಬೇಕಂದ್ರ ಎಲ್ಲೋ ಒಂದ್ಕಡೆ ಮಡಚಿ ಹೊಲೀಬೇಕು.
ನಿನ್ನ ನಕಾಶೆದಾಗ ಆ ಮಡಚಿದ್ದು ಎಲ್ಲೈತಿ?"

ಹಲ್ಲಿನಲ್ಲಿ ನೂಲು ಕಡಿದಳು, ಜೀನ್ಸಿನ ಆ ಕಿತ್ತಳೆ ನೂಲು.
ಒಂದು ತುದಿ ಲಂಡನ್, ನನ್ನ ಹೆಬ್ಬೆರಳಡಿ.
ಇನ್ನೊಂದು ಟೋಕಿಯೊ, ಅವಳ ಉಗುರಡಿ.
ಉಗುರಿಗೆ ಮೆತ್ತಿದ್ದು ಇಪ್ಪತ್ತಾರು ವರ್ಷದ ನೀಲಿ.
ಎಳೆದಳು.
ಸಡಿಲವಿದ್ದಾಗ ಮರುಭೂಮಿಗಳಲ್ಲಿ ಬಿದ್ದುಕೊಂಡಿದ್ದ ನೂಲು
ಬಿಗಿಯಾದಂತೆ ತಾನೇ ಜಾರಿ ಜಾರಿ ಬಡಗಣಕ್ಕೆ ಸರಿದು
ಸೈಬೀರಿಯದ ಹಿಮದ ಮೇಲೆ ನಿಂತಿತು.
ತಗಡಿನಡಿ ನಾವಿಬ್ಬರೂ ಬೆವರುತ್ತಿದ್ದೆವು.

ಟೇಪು ಹಿಡಿದರೆ ಒಂಬತ್ತು ಇಂಚು.
"ಇಷ್ಟೇನಾ? ಮೂರು ವರ್ಷದ ಕೂಸಿನ ಚಡ್ಡಿ."
ನಾನು ಲೆಕ್ಕ ಹಾಕಿದೆ: ಇಂಚಿಗೆ ಸಾವಿರದ ಅರವತ್ತು,
ಒಟ್ಟು ಒಂಬತ್ತೂವರೆ ಸಾವಿರ ಚಿಲ್ಲರೆ.

ತಕರಾರೆಲ್ಲ ತಾಸಿನದು.
ಹೋಗುವಾಗ ಒಂದಂತೆ, ಬರುವಾಗ ಇನ್ನೊಂದಂತೆ,
ಮೇಲೆ ಗಾಳಿ ಪಡುವಣದಿಂದ ಮೂಡಣಕ್ಕೆ
ಹೊಳೆಯಂತೆ ಹರಿಯುತ್ತದಂತೆ.
ಒಂದು ದೇಶ ತನ್ನ ಆಕಾಶಕ್ಕೆ ಬೀಗ ಹಾಕಿದರೆ
ಎರಡು ತಾಸು ಸುತ್ತುಹಾದಿ, ಒಟ್ಟು ಹದಿನಾಲ್ಕು.
"ಅಷ್ಟೊತ್ತೂ ಕುಂತೇ ಇರ್ತಾರ?
ಅಷ್ಟರಾಗ ನಾನು ಮುನ್ನೂರು ಜೇಬು ಕೂಡಿಸಿರ್ತೀನಿ.
ಸವೆಯೋದು ಮಾತ್ರ ಕುಂತೋರ ಪ್ಯಾಂಟು."
ಆಮೇಲೆ, "ಆಕಾಶಕ್ಕೂ ಬೀಗಾ?" ಅಂದಳು.
ಮಷೀನು ತುಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಕೇಳಿದಳು, ನನ್ನತ್ತ ನೋಡದೆ,
"ಇದರಾಗ ಸಿರುಗುಪ್ಪ ಎಷ್ಟಾಗತೈತಿ?"
ಬಳ್ಳಾರಿಯೇ ಇಲ್ಲದ ಗೋಲ ಅದು. ಮದ್ರಾಸಿದೆ, ಬೊಂಬಾಯಿದೆ,
ನಡುವೆ ಎಲ್ಲೋ ಒಂದು ನೊಣದ ಹಿಕ್ಕೆ;
ಅದನ್ನೇ ಬಳ್ಳಾರಿ ಅಂತಿಟ್ಟುಕೊಂಡೆವು.
ಐವತ್ತೈದು ಕಿಲೋಮೀಟರು. ಭಾಗಿಸಿದೆ, ಮತ್ತೆ ಭಾಗಿಸಿದೆ.
"ಅರ್ಧ ಹೊಲಿಗೆ ಅಕ್ಕ. ಅದೂ ಆಗಲಿಕ್ಕಿಲ್ಲ."
"ತಾಸು?"
"ಬಸ್ಸಿಗೆ ಒಂದೂವರೆ. ಭತ್ತದ ಲಾರಿ ಅಡ್ಡ ಸಿಕ್ಕರೆ ಎರಡು."

ಅವಳ ತಂಗಿ ಇರುವುದು ಅಲ್ಲಿ.
ಅಪ್ಪನ ಕಾಲುಮಷೀನು ಯಾರಿಗೆ ಅನ್ನುವ ಮಾತಿಗೆ
ಹನ್ನೊಂದು ವರ್ಷ.
ಷೆಡ್ಡಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಎತ್ತುವುದಿಲ್ಲ.
ನಾನೂ ಎತ್ತಲಿಲ್ಲ. ತಾಸಿನ ಜಾಗದಲ್ಲಿ ಹದಿನಾಲ್ಕು ಎಂದು ಬರೆದೆ.
ಮಸ್ತಾನವಲಿ ಒಪ್ಪಿದ.
ವಿಮಾನದ ಮೂತಿ ಮಾತ್ರ ದಪ್ಪವಾಯಿತೆಂದ.

ನೂಲನ್ನು ಅವಳು ಎಸೆಯಲಿಲ್ಲ.
ಸೂಜಿಗೆ ಪೋಣಿಸಿ, ಬಿಟ್ಟುಹೋದ ಒಂದು ಹಿಂಜೇಬಿನ ಮೂಲೆಗೆ
ಕೈಯಲ್ಲೇ ನಾಲ್ಕು ಟಾಕಿ ಹಾಕಿ ಗಂಟಿಕ್ಕಿದಳು.
ಮೂವತ್ತೆರಡರ ನಡ. ಸಿಂಧನೂರಿನ ಕಟ್ಟಿಗೆ ಹೋಯಿತು.

ಯಾವನೋ ತೊಟ್ಟಿದ್ದಾನು ಈಗ.
ಬೆಳಗಿನ ಬಸ್ಸಿನಲ್ಲಿ ಕಿಟಕಿ ಬದಿಗೆ ಕೂತು
ಲಂಡನ್ ಟೋಕಿಯೊ ಎರಡನ್ನೂ ಅಡಿಗೆ ಹಾಕಿಕೊಂಡು
ಸಿರುಗುಪ್ಪದಲ್ಲಿ ಇಳಿಯದೆ
ಮುಂದಕ್ಕೆ ಹೋಗುತ್ತಿದ್ದಾನು.